ಸರ್ಕಾರಗಳ ಉದ್ರಿ ಪುಸ್ತಕ: ವಿಶ್ವಸಂಸ್ಥೆಯ ಒಂದು ವೆಬ್‌ಸೈಟ್ ಬಳಸಿ ನೋಡಿದ ಮೇಲೆ

ಮಿಕ್ಸಿ, ಮೊಬೈಲು, ಬಿರಿಯಾನಿ ಹೋಟೆಲು, ಎಲ್ಲದರ ಬಗ್ಗೆಯೂ ಕನ್ನಡದಲ್ಲಿ ರಿವ್ಯೂ ಸಿಗುತ್ತದೆ. ನಾನು ಹೋದ ವರ್ಷದಿಂದ ಬಳಸುತ್ತಿರುವ ಈ ವೆಬ್‌ಸೈಟ್ ಬಗ್ಗೆ ಹುಡುಕಿದೆ, ಒಂದೂ ಸಿಗಲಿಲ್ಲ. ಅದರ ದಾರಿ ಹಿಡಿಯಲು ನನಗೆ ಎರಡು ತಿಂಗಳು ಬೇಕಾಯಿತು. ನಿಮಗೆ ಅಷ್ಟು ಹೊತ್ತು ಹಿಡಿಯದಿರಲಿ ಅಂತ ಬರೆಯುತ್ತಿದ್ದೇನೆ.

ಅದರ ಹೆಸರು ಯುಎನ್ ಟ್ರೀಟಿ ಬಾಡಿ ಡೇಟಾಬೇಸ್. ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿ ಅದನ್ನು ನಡೆಸುತ್ತದೆ. ದುಡ್ಡು ಕೇಳುವುದಿಲ್ಲ. ಲಾಗಿನ್ ಇಲ್ಲ, ಓಟಿಪಿ ಇಲ್ಲ, ಆಧಾರ್ ನಂಬರ್ ಬೇಡ. ಯಾವ ದೇಶ ಯಾವ ಮಾನವ ಹಕ್ಕಿನ ಒಪ್ಪಂದ ಒಪ್ಪಿಕೊಂಡಿದೆ, ಅದರ ಬಗ್ಗೆ ಏನು ವರದಿ ಕೊಟ್ಟಿದೆ, ತಜ್ಞರು ಅದನ್ನು ಓದಿ ಏನು ಹೇಳಿದರು, ಎಲ್ಲಾ ಕಾಗದ ಅಲ್ಲಿ ಸಿಗುತ್ತದೆ.

ನಮ್ಮ ಮಾವನವರು ಕಿರಾಣಿ ಅಂಗಡಿ ಇಟ್ಟಿದ್ದರು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೆಂಪು ರಟ್ಟಿನ ಉದ್ರಿ ಪುಸ್ತಕ ಇರುತ್ತಿತ್ತು. ಯಾರು ಏನು ಒಯ್ದರು, ಯಾವಾಗ ಕೊಡುತ್ತೇನೆ ಅಂದರು, ಎಷ್ಟು ಜಮಾ ಆಯಿತು, ಎಲ್ಲ ಅದರಲ್ಲಿ ಬರೆದಿರುತ್ತಿದ್ದರು. ಈ ವೆಬ್‌ಸೈಟ್ ನೋಡಿದ ಮೊದಲ ದಿನವೇ ನನಗೆ ಆ ಪುಸ್ತಕ ನೆನಪಾಯಿತು. ಇದು ಸರ್ಕಾರಗಳ ಉದ್ರಿ ಪುಸ್ತಕ.

ನಾನು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರಿನಲ್ಲಿ ಬಟ್ಟೆ ಹೊಲಿಯುತ್ತೇನೆ. ಓದಿದ್ದು ಪಿಯುಸಿ. ಹದಿನಾಲ್ಕು ಜನ ಹೆಣ್ಣುಮಕ್ಕಳ ಸಂಘದ ಲೆಕ್ಕ ಬರೆಯುವವಳು ನಾನೇ. ಊರಿನ ಹೆಸರು ಬರೆಯುವುದಿಲ್ಲ. ಮುಂದೆ ಹೇಳುವ ಹೆಣ್ಣುಮಗಳಿಗೆ ಇದರಿಂದ ತೊಂದರೆ ಆಗಬಾರದು.

ಸಂಘದ ಅರ್ಧ ಜನ ಮೆಣಸಿನಕಾಯಿ ಸೀಸನ್ನಿನಲ್ಲಿ ಗೋಡೌನಿಗೆ ತೊಟ್ಟು ಬಿಡಿಸಲು ಹೋಗುತ್ತಾರೆ. ಕೂಲಿ ಕಿಲೋ ಲೆಕ್ಕದಲ್ಲಿ. ಸಂಜೆ ತೂಕ ಹಾಕಿ ಚೀಟಿ ಬರೆದು ಕೊಡುತ್ತಾರೆ. 2025ರ ಫೆಬ್ರವರಿಯಲ್ಲಿ ಒಬ್ಬಳು ಎರಡು ವಾರ ಸಂಘಕ್ಕೆ ಬರಲಿಲ್ಲ. ಮನೆಗೆ ಹೋಗಿ ಕೇಳಿದೆ. ತೂಕ ಹಾಕುವವನು ಮೈ ಮುಟ್ಟುತ್ತಿದ್ದ. ಇವಳು ಕೈ ತಳ್ಳಿದ ದಿನ ಚೀಟಿಯಲ್ಲಿ ಎರಡು ಮೂರು ಕಿಲೋ ಕಡಿಮೆ ಬರೆಯುತ್ತಿದ್ದ. ಕೈ ತಳ್ಳುವುದಕ್ಕೂ ಕೂಲಿ ಕಳೆದುಕೊಳ್ಳಬೇಕು ಅಂದರೆ ಏನು ಹೇಳುವುದು? ಅವಳು ಕೆಲಸವನ್ನೇ ಬಿಟ್ಟಿದ್ದಳು.

ಎಲ್ಲಿ ದೂರು ಕೊಡಬೇಕು ಅಂತ ಕೇಳಲು ನಾವಿಬ್ಬರೂ ಒಂದು ಕಚೇರಿಗೆ ಹೋದೆವು. ಅಲ್ಲಿದ್ದವರು, "ಕಿರುಕುಳದ ದೂರು ಕೇಳೋ ಕಮಿಟಿ ದೊಡ್ಡ ಕಂಪನಿಗೆ ಇರತೈತ್ರಿ, ಕೂಲಿಯವರಿಗೆಲ್ಲ ಇಲ್ಲ" ಅಂದರು. ನಾವು ನಂಬಿ ವಾಪಸ್ ಬಂದೆವು.

ರಾತ್ರಿ ಮಗಳಿಗೆ ಫೋನ್ ಮಾಡಿದೆ. ಅವಳು ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಾಳೆ. "ಅವ್ವಾ, ಅವರು ಹೇಳಿದ್ದು ಪೂರಾ ತಪ್ಪು" ಅಂದಳು. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಹತ್ತು ಜನಕ್ಕಿಂತ ಕಡಿಮೆ ಇರುವ ಕೆಲಸದ ಜಾಗಕ್ಕೆ, ಮನೆಗೆಲಸದವರಿಗೆ, ಮಾಲೀಕನ ಮೇಲೇ ದೂರು ಇದ್ದವರಿಗೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಲೇಬೇಕು. ತಾಲ್ಲೂಕಿನಲ್ಲಿ ದೂರು ತೆಗೆದುಕೊಳ್ಳಲು ಒಬ್ಬ ನೋಡಲ್ ಅಧಿಕಾರಿ ಇರಬೇಕು. ಅವರು ಏಳು ದಿನದೊಳಗೆ ದೂರನ್ನು ಸಮಿತಿಗೆ ಕಳಿಸಬೇಕು. ದೂರು ಕೊಡಲು ಮೂರು ತಿಂಗಳ ಗಡುವು. ಸರಿಯಾದ ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಿಗಬಹುದು.

ಆ ಕಾಯ್ದೆ ಎಲ್ಲಿಂದ ಬಂತು ಅನ್ನುವುದನ್ನೂ ಅವಳೇ ಹೇಳಿದಳು. ನಾನು ಕೇಳಿಯೇ ಇರಲಿಲ್ಲ. ರಾಜಸ್ಥಾನದ ಭಟೇರಿ ಹಳ್ಳಿಯ ಭಂವರಿ ದೇವಿ ಸರ್ಕಾರದ ಮಹಿಳಾ ಕಾರ್ಯಕ್ರಮದಲ್ಲಿ ಸಾಥಿನ್ ಆಗಿದ್ದರು. ನಮ್ಮ ಕಡೆಯ ಆಶಾ ಕಾರ್ಯಕರ್ತೆಯರ ಹಾಗೆ ಮನೆಮನೆಗೆ ತಿರುಗುವ ಕೆಲಸ. ಬಾಲ್ಯವಿವಾಹ ತಡೆಯಲು ಹೋದ ಸಿಟ್ಟಿಗೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲಸ ಮಾಡುವ ಹೆಂಗಸಿಗೆ ರಕ್ಷಣೆ ಎಲ್ಲಿ ಅಂತ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. ಅದೇ ವಿಶಾಖಾ ಕೇಸು. 1997ರ ಆಗಸ್ಟ್ 13ರಂದು ತೀರ್ಪು ಬಂತು. ಆಗ ದೇಶದಲ್ಲಿ ಇದಕ್ಕೆ ಅಂತಲೇ ಕಾನೂನು ಇರಲಿಲ್ಲ. ಮತ್ತೆ ನ್ಯಾಯಾಧೀಶರು ಏನನ್ನು ಹಿಡಿದುಕೊಂಡರು? ಭಾರತ 1993ರಲ್ಲಿ ಒಪ್ಪಿಕೊಂಡಿದ್ದ ಒಂದು ಅಂತರರಾಷ್ಟ್ರೀಯ ಒಪ್ಪಂದವನ್ನು. ಜೊತೆಗೆ 1995ರ ಬೀಜಿಂಗ್ ಮಹಿಳಾ ಸಮ್ಮೇಳನದಲ್ಲಿ ನಮ್ಮ ಸರ್ಕಾರ ಕೊಟ್ಟು ಬಂದಿದ್ದ ಮಾತನ್ನು. ನೀವು ಹೊರಗೆ ಹೋಗಿ ಹೀಗೆ ಹೇಳಿದ್ದೀರಿ, ಒಳಗೂ ಅದು ನಡೆಯಬೇಕು ಅಂದರು. ಕಾನೂನು ಬರುವವರೆಗೆ ಇದೇ ನಿಯಮ ಅಂತ ಮಾರ್ಗಸೂಚಿ ಕೊಟ್ಟರು. ಕಾನೂನು ಬರಲು ಹದಿನಾರು ವರ್ಷ ಹಿಡಿಯಿತು.

ಆ ಒಪ್ಪಂದದ ಹೆಸರು ಸೀಡಾ (CEDAW). ಮಹಿಳೆಯರ ಮೇಲಿನ ಎಲ್ಲ ಬಗೆಯ ತಾರತಮ್ಯ ತೊಲಗಿಸುವ ಒಪ್ಪಂದ ಅಂತ ಅರ್ಥ. ಭಾರತ 1980ರಲ್ಲಿ ಸಹಿ ಹಾಕಿತು, 1993ರ ಜುಲೈ 9ರಂದು ಪೂರ್ತಿ ಒಪ್ಪಿಕೊಂಡಿತು. ಅದನ್ನು ನಾನೇ ಕಣ್ಣಾರೆ ನೋಡಬೇಕು ಅನ್ನಿಸಿತು. ಮಗಳು ಲಿಂಕ್ ಕಳಿಸಿದಳು.

ಈಗ ವೆಬ್‌ಸೈಟ್ ಬಳಸುವ ಬಗೆ ಹೇಳುತ್ತೇನೆ. ಮೊದಲು ದೇಶ ಆರಿಸಬೇಕು, ಆಮೇಲೆ ಸೀಡಾ ಅಂತ ಸಮಿತಿ ಆರಿಸಬೇಕು. ಉದ್ದ ಪಟ್ಟಿ ಬರುತ್ತದೆ. ಮೊಬೈಲಿನಲ್ಲಿ ನೋಡಿದರೆ ಪಟ್ಟಿ ಬಲಕ್ಕೆ ಜರುಗುತ್ತಾ ಹೋಗಿ ಏನೂ ಗೊತ್ತಾಗುವುದಿಲ್ಲ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿದ ಮೇಲೆ ನನಗೆ ಸರಿಹೋಯಿತು. ಪ್ರತಿ ಕಾಗದಕ್ಕೂ ಅಕ್ಷರ ಮತ್ತು ಅಂಕಿ ಸೇರಿಸಿದ ಒಂದು ಗುರುತು ಇರುತ್ತದೆ. ಮೊದಲು ನೋಡಿದಾಗ ತಲೆ ತಿರುಗುತ್ತದೆ. ಸರಳವಾಗಿ ಹೇಳುತ್ತೇನೆ: ಐಎನ್‌ಡಿ ಅಂದರೆ ಭಾರತ, ಸಿಓ ಅಂದರೆ ತಜ್ಞರು ಕೊನೆಗೆ ಹೇಳಿದ ಮಾತು. ಈ ಎರಡೂ ಇರುವ ಗುರುತು ಹುಡುಕಿ. ಬೇರೆ ಏನೂ ಓದದಿದ್ದರೂ ಅದನ್ನು ಓದಿ.

ವಿಚಾರಣೆ ನಡೆಯುವ ರೀತಿ ಹೀಗೆ. ಸರ್ಕಾರ ಸುಮಾರು ನಾಲ್ಕು ವರ್ಷಕ್ಕೊಮ್ಮೆ ವರದಿ ಕೊಡಬೇಕು. ಬೇರೆ ಬೇರೆ ದೇಶಗಳ 23 ತಜ್ಞರ ಸಮಿತಿ ಅದನ್ನು ಓದುತ್ತದೆ. ಪ್ರಶ್ನೆ ಕಳಿಸುತ್ತದೆ. ಸರ್ಕಾರ ಉತ್ತರ ಬರೆಯುತ್ತದೆ. ಮಹಿಳಾ ಸಂಘಟನೆಗಳು ತಮ್ಮ ಬೇರೆ ವರದಿ ಕೊಡಬಹುದು. ಆಮೇಲೆ ಜಿನೀವಾದಲ್ಲಿ ಎದುರು ಬದುರು ಕೂತು ಕೇಳುತ್ತಾರೆ. ಈ ವಿಚಾರಣೆಗಳನ್ನು ಯುಎನ್ ವೆಬ್ ಟಿವಿಯಲ್ಲಿ ಯಾರು ಬೇಕಾದರೂ ನೋಡಬಹುದು. ಬೇರೆ ದೇಶದ ಒಂದು ವಿಚಾರಣೆಯನ್ನು ನಾನು ಮಗಳ ಜೊತೆ ಕೂತು ಸ್ವಲ್ಪ ಹೊತ್ತು ನೋಡಿದೆ. ಸೂಟು ಹಾಕಿದ ದೊಡ್ಡ ಅಧಿಕಾರಿಗಳು ಸಾಲಾಗಿ ಕೂತಿದ್ದರು. ಒಬ್ಬ ಹೆಣ್ಣುಮಗಳು ಮೆಲ್ಲಗೆ, ಕಾಗದ ನೋಡಿಕೊಂಡು, ಹೋದ ಸಲ ಹೇಳಿದ್ದು ಏನಾಯಿತು ಅಂತ ಕೇಳುತ್ತಿದ್ದರು. ನನಗೆ ಮೈ ಜುಮ್ಮೆಂದಿತು. ಸರ್ಕಾರವನ್ನು ಹೀಗೂ ಕೇಳಬಹುದಾ ಅಂತ.

ಭಾರತದ ಪುಟದಲ್ಲಿ ಮೊದಲು ಕಣ್ಣಿಗೆ ಬೀಳುವುದು ತಾರೀಖುಗಳು. ಮೊದಲ ವರದಿ 1994ರಲ್ಲಿ ಹೋಗಬೇಕಿತ್ತು, ಹೋದದ್ದು 1999ರಲ್ಲಿ. ನಿಯಮಿತ ವರದಿಗಳ ವಿಚಾರಣೆ ಆದದ್ದು 2000, 2007 ಮತ್ತು 2014ರಲ್ಲಿ. ನಾಲ್ಕನೆಯದೂ ಐದನೆಯದೂ ಒಂದೇ ವರದಿಯಾಗಿ ಹೋಗಿದೆ. ಅದಕ್ಕೂ ಮೊದಲು ಎರಡು ಮೂರನ್ನೂ ಸೇರಿಸಿ ಕೊಟ್ಟಿದ್ದರು. ಆರನೆಯದನ್ನು 2018ರ ಜುಲೈನಲ್ಲಿ ಕೊಡಿ ಅಂತ 2014ರಲ್ಲೇ ಬರೆದಿದ್ದಾರೆ. ಆ ಗಡುವಿಗೆ ಹೋಗಲಿಲ್ಲ. ನಮ್ಮ ಸಂಘದಲ್ಲಿ ಒಬ್ಬಳು ಎರಡು ಕಂತು ತಪ್ಪಿಸಿದರೆ ಬ್ಯಾಂಕಿನವರು ಮನೆಗೆ ಬರುತ್ತಾರೆ. ಸರ್ಕಾರ ತಪ್ಪಿಸಿದರೆ ಯಾರೂ ಬರುವುದಿಲ್ಲ. ಈ ವೆಬ್‌ಸೈಟಿನಲ್ಲಿ ಮಾತ್ರ ಅದು ಕಾಣುತ್ತದೆ.

2014ರಲ್ಲಿ ತಜ್ಞರು ಕೊನೆಗೆ ಹೇಳಿದ ಮಾತು ಸುಮಾರು ಹದಿನೈದು ಪುಟ. ಪ್ರಿಂಟ್ ತೆಗೆಸಿದೆ. ಇಂಗ್ಲಿಷು ಗಟ್ಟಿ. ಅರಬ್ಬಿ, ಚೀನಿ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್, ಇವಿಷ್ಟೇ ವಿಶ್ವಸಂಸ್ಥೆಯ ಭಾಷೆಗಳು. ಕನ್ನಡ ಇಲ್ಲ, ಹಿಂದಿಯೂ ಇಲ್ಲ. ನನ್ನ ಮಟ್ಟಿಗೆ ಈ ಸೇವೆಯ ದೊಡ್ಡ ಕೊರತೆ ಇದೇ. ಆದರೆ ಜಿನೀವಾದವರನ್ನು ಮಾತ್ರ ದೂರುವುದು ಸರಿಯಲ್ಲ. ಈ ಮಾತುಗಳನ್ನು ಎಲ್ಲ ಹಂತಕ್ಕೂ, ದೇಶದ ಭಾಷೆಗಳಲ್ಲಿ ಮುಟ್ಟಿಸಿ ಅಂತ ಸಮಿತಿ ಸರ್ಕಾರಗಳಿಗೆ ಹೇಳುತ್ತದೆ. ನಮ್ಮ ತಾಲ್ಲೂಕಿಗೆ ಅದು ಮುಟ್ಟಿಲ್ಲ.

ಫೋನಿನ ಅನುವಾದದಲ್ಲಿ ಹಾಕಿ ನೋಡಿದೆ. ಇಲ್ಲಿ ಜಾಗ್ರತೆ ಬೇಕು. ಒಪ್ಪಂದ ಮಾಡಿಕೊಂಡ ದೇಶಕ್ಕೆ ಅವರು ಸ್ಟೇಟ್ ಪಾರ್ಟಿ ಅನ್ನುತ್ತಾರೆ. ಫೋನು ಅದನ್ನು 'ರಾಜ್ಯ ಪಕ್ಷ' ಅಂತ ಮಾಡಿತು. ಗುರುವಾರ ಸಂಘದಲ್ಲಿ ಓದಿದಾಗ ಒಬ್ಬಳು, "ರಾಜ್ಯ ಪಕ್ಷ ಅಂದ್ರ ಯಾವ ಪಾರ್ಟಿರೀ ಅಕ್ಕಾರ?" ಅಂತ ಕೇಳಿದಳು. ಆಗಲೇ ನನಗೆ ತಪ್ಪು ಗೊತ್ತಾದದ್ದು. ಇನ್ನೊಂದು ಇದಕ್ಕಿಂತ ದೊಡ್ಡದು. ಒಪ್ಪಂದದ ಯಾವುದಾದರೂ ಭಾಗವನ್ನು ಒಪ್ಪುವುದಿಲ್ಲ ಅಂತ ದೇಶ ಬರೆದುಕೊಟ್ಟರೆ ಅದಕ್ಕೆ ರಿಸರ್ವೇಶನ್ ಅನ್ನುತ್ತಾರೆ. ಫೋನು ಅದನ್ನು 'ಮೀಸಲಾತಿ' ಅಂತ ಬರೆಯಿತು. ಹೆಣ್ಣುಮಕ್ಕಳಿಗೆ ಮೀಸಲಾತಿ ಕೊಟ್ಟಿದ್ದಾರೆ ಅಂತ ನಾವು ಒಂದು ವಾರ ಖುಷಿಯಾಗಿದ್ದೆವು. ಅದರ ಅರ್ಥ ಪೂರ್ತಿ ಉಲ್ಟಾ. ಮಗಳು ತಿದ್ದಿದ ಮೇಲೆ ನಾನು ಎಲ್ಲ ಕಡೆ ಅದನ್ನು 'ತಕರಾರು' ಅಂತ ಬರೆದುಕೊಂಡೆ. ನೀವೂ ಫೋನಿನಲ್ಲಿ ಓದುವುದಾದರೆ ಈ ಎರಡು ಪದ ನೆನಪಿಟ್ಟುಕೊಳ್ಳಿ.

ತಕರಾರಿನ ಮಾತು ಬಂತಲ್ಲ, ಅದನ್ನು ಸ್ವಲ್ಪ ಹೇಳಲೇಬೇಕು. ಅವು ಸಿಗುವುದು ವಿಶ್ವಸಂಸ್ಥೆಯ ಬೇರೆ ತಾಣದಲ್ಲಿ, ಯುಎನ್ ಟ್ರೀಟಿ ಕಲೆಕ್ಷನ್ ಅಂತ. ಭಾರತ ಸೀಡಾ ಒಪ್ಪುವಾಗ ಕೆಲವು ಮಾತು ಸೇರಿಸಿದೆ. ಯಾವ ಸಮುದಾಯದ ಖಾಸಗಿ ವಿಷಯದಲ್ಲೂ ಅವರಾಗಿಯೇ ಮುಂದೆ ಬಂದು ಒಪ್ಪದೆ ಕೈ ಹಾಕುವುದಿಲ್ಲ ಅಂತ ಒಂದು. ಮದುವೆ ನೋಂದಣಿ ಕಡ್ಡಾಯ ಮಾಡುವುದು ತತ್ವವಾಗಿ ಒಪ್ಪಿಗೆ, ಆದರೆ ಇಷ್ಟು ದೊಡ್ಡ ದೇಶದಲ್ಲಿ, ಇಷ್ಟು ಪದ್ಧತಿ, ಧರ್ಮ, ಅಕ್ಷರ ಬಲ್ಲವರ ಪ್ರಮಾಣ ಇಟ್ಟುಕೊಂಡು ಅದು ಆಗುವ ಮಾತಲ್ಲ ಅಂತ ಇನ್ನೊಂದು. ಇವು ಒಪ್ಪಂದದ ಉದ್ದೇಶಕ್ಕೇ ವಿರುದ್ಧ ಅಂತ 1994ರಲ್ಲಿ ನೆದರ್ಲೆಂಡ್ಸ್ ಆಕ್ಷೇಪ ಹಾಕಿದ್ದೂ ಅದೇ ಪುಟದಲ್ಲಿದೆ.

ಇದನ್ನು ಓದಿ ನನಗೆ ಬೇಜಾರಿಗಿಂತ ಆಶ್ಚರ್ಯ ಜಾಸ್ತಿ ಆಯಿತು. ಯಾಕೆಂದರೆ ನಮ್ಮ ಕರ್ನಾಟಕದ್ದೇ ಮದುವೆ ನೋಂದಣಿ ಕಾಯ್ದೆ 1976ರದು. ಕಡ್ಡಾಯ ನೋಂದಣಿಯ ಕಾಯ್ದೆ ಇದ್ದ ಕೆಲವೇ ರಾಜ್ಯಗಳಲ್ಲಿ ನಮ್ಮದೂ ಒಂದು ಅಂತ 2006ರ ಸೀಮಾ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ದೇಶಕ್ಕೆ ಆಗುವುದಿಲ್ಲ ಅಂತ 1993ರಲ್ಲಿ ಜಗತ್ತಿಗೆ ಹೇಳಿದ್ದನ್ನು, ಅದಕ್ಕೂ ಮೊದಲೇ ನಮ್ಮ ರಾಜ್ಯ ಕಾಯ್ದೆ ಮಾಡಿ ಇಟ್ಟಿತ್ತು. ಇದನ್ನು ಸಂಘದಲ್ಲಿ ಹೇಳಿ, ನಿಮ್ಮಲ್ಲಿ ಎಷ್ಟು ಜನರ ಮದುವೆ ರಿಜಿಸ್ಟರ್ ಆಗಿದೆ ಅಂತ ಕೇಳಿದೆ. ಹದಿನಾಲ್ಕರಲ್ಲಿ ಮೂರು ಕೈ ಮೇಲೆ ಬಂದವು. ನನ್ನ ಕೈಯೂ ಕೆಳಗೇ ಇತ್ತು. ನಮ್ಮಲ್ಲಿ ಇಬ್ಬರನ್ನು ಗಂಡಂದಿರು ಬಿಟ್ಟು ಹೋಗಿದ್ದಾರೆ. ಮದುವೆ ಆಗಿತ್ತು ಅಂತ ತೋರಿಸಲು ಅವರ ಹತ್ತಿರ ಇರುವುದು ಲಗ್ನಪತ್ರಿಕೆ ಮತ್ತು ಒಂದು ಫೋಟೊ. ಕೋರ್ಟಿನಲ್ಲಿ ಜೀವನಾಂಶ ಕೇಳಲು ಹೋದಾಗ ಆ ಒಂದು ಸರ್ಟಿಫಿಕೇಟು ಎಷ್ಟು ದೊಡ್ಡದು ಅಂತ ಅವರಿಗೆ ಗೊತ್ತು.

ಮತ್ತೆ 2014ರ ಕಾಗದಕ್ಕೆ ಬರುತ್ತೇನೆ. ಅದನ್ನು ಓದುವುದಕ್ಕೆ ಒಂದು ಉಪಾಯ ಇದೆ. ಒಂದು ಪ್ಯಾರಾದಲ್ಲಿ ಚಿಂತೆ ಏನು ಅಂತ ಹೇಳುತ್ತಾರೆ, ಮುಂದಿನದರಲ್ಲಿ ಏನು ಮಾಡಬೇಕು ಅಂತ ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ. ದಪ್ಪ ಅಕ್ಷರ ಮಾತ್ರ ಓದಿದರೂ ಸಾಕು. ನಾವು ವಾರಕ್ಕೆ ಎರಡು ಪ್ಯಾರಾ ಓದಿದೆವು. ಗುರುವಾರ ಉಳಿತಾಯದ ದುಡ್ಡು ಕಟ್ಟಿದ ಮೇಲೆ ಅರ್ಧ ಗಂಟೆ.

ಕೆಲವು ಮಾತು ನಡೆದಿವೆ. ಅದನ್ನೂ ಹೇಳಬೇಕು. ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳಿಗೆ ಆಸ್ಪತ್ರೆ, ವಕೀಲರು, ಉಳಿಯುವ ಜಾಗ ಎಲ್ಲ ಒಂದೇ ಕಡೆ ಸಿಗುವ ಕೇಂದ್ರ ಮಾಡಿ ಅಂದಿದ್ದರು. 2015ರಿಂದ ಸಖಿ ಒನ್ ಸ್ಟಾಪ್ ಸೆಂಟರ್ ಬಂದವು. 2023ರಲ್ಲಿ ಲೋಕಸಭೆ ಮತ್ತು ವಿಧಾನಸಭೆಯಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸೀಟು ಕೊಡುವ ಸಂವಿಧಾನ ತಿದ್ದುಪಡಿ ಆಯಿತು. ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಜಾರಿ ಅಂತ ಅದರಲ್ಲೇ ಬರೆದಿದ್ದಾರೆ.

ನಡೆಯದ ಮಾತೂ ಇದೆ. ಗಂಡ ಹೆಂಡತಿಯ ಮೇಲೆ ಬಲಾತ್ಕಾರ ಮಾಡಿದರೆ ಅದು ಅತ್ಯಾಚಾರ ಅಲ್ಲ ಅನ್ನುವ ವಿನಾಯಿತಿ ತೆಗೆದುಹಾಕಿ ಅಂತ ಆ ಕಾಗದ ಹೇಳುತ್ತದೆ. ಹಳೆಯ ದಂಡ ಸಂಹಿತೆಯನ್ನೇ ಬದಲಿಸಿ 2023ರಲ್ಲಿ ಭಾರತೀಯ ನ್ಯಾಯ ಸಂಹಿತೆ ತಂದರು. ಹೊಸದಾಗಿ ಬರೆಯುವಾಗಲೂ 63ನೇ ಸೆಕ್ಷನ್ನಿನಲ್ಲಿ ಆ ವಿನಾಯಿತಿ ಹಾಗೇ ಕೂತಿದೆ. ಹೆಂಡತಿಗೆ 18 ತುಂಬಿದ್ದರೆ ಸಾಕು. 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಒಬ್ಬ ಗಂಡನ ಮೇಲಿದ್ದ ಇಂಥ ಆರೋಪ ರದ್ದು ಮಾಡಲು ಒಪ್ಪಲಿಲ್ಲ. ಕಾನೂನಿನ ಅಕ್ಷರ ಮಾತ್ರ ಬದಲಾಗಿಲ್ಲ.

ಈ ಪ್ಯಾರಾ ಓದುವಾಗ ನನಗೇ ಗಂಟಲು ಕಟ್ಟಿತು. ಓದಿ ಮುಗಿಸಿದೆ. ಯಾರೂ ಮಾತಾಡಲಿಲ್ಲ. ಹೊರಗೆ ಒಂದು ಟ್ರ್ಯಾಕ್ಟರ್ ಹೋಯಿತು, ಅದರ ಸದ್ದು ನಿಂತ ಮೇಲೂ ಯಾರೂ ಮಾತಾಡಲಿಲ್ಲ. ಆಮೇಲೆ ಮೂಲೆಯಲ್ಲಿ ಕೂತಿದ್ದವಳು, ಸಂಘಕ್ಕೆ ಬಂದು ಆರು ವರ್ಷದಲ್ಲಿ ಒಂದು ಪ್ರಶ್ನೆಯನ್ನೂ ಕೇಳದವಳು, "ಇನ್ನೊಮ್ಮೆ ಓದ್ರಿ" ಅಂದಳು. ಇನ್ನೊಮ್ಮೆ ಓದಿದೆ. ಅವತ್ತು ಬೇರೆ ಪ್ಯಾರಾ ಓದಲಿಲ್ಲ.

ನನ್ನ ಕೆಲಸಕ್ಕೆ ಬಂದ ಸಾಲು ಕಾಗದದ ಶುರುವಿನಲ್ಲೇ ಇತ್ತು. ದೇಶ ಒಳ್ಳೆಯದು ಏನು ಮಾಡಿದೆ ಅಂತ ಮೊದಲು ಹೊಗಳುತ್ತಾರೆ. ಆ ಪಟ್ಟಿಯಲ್ಲಿ 2013ರ ಕಾಯ್ದೆ ಇದೆ, ಕೆಲಸದ ಜಾಗದ ಲೈಂಗಿಕ ಕಿರುಕುಳದ ಕಾಯ್ದೆ. ಅದನ್ನು ಮಾಡಿದ್ದಕ್ಕೆ 2014ರಲ್ಲಿ ಜಿನೀವಾದಲ್ಲಿ ನಮ್ಮ ಸರ್ಕಾರ ಹೊಗಳಿಸಿಕೊಂಡಿದೆ. ಹನ್ನೊಂದು ವರ್ಷ ಆದ ಮೇಲೆ ನಮ್ಮ ಊರಿನ ಕಚೇರಿಯಲ್ಲಿ, ಅಂಥದ್ದು ಕೂಲಿಯವರಿಗೆ ಇಲ್ಲ ಅನ್ನುತ್ತಾರೆ. ಮಾವನವರ ಪುಸ್ತಕದಲ್ಲೂ ಒಮ್ಮೊಮ್ಮೆ ಹೀಗೆ ಆಗುತ್ತಿತ್ತು. ಜಮಾ ಅಂತ ಬರೆದಿರುತ್ತಿತ್ತು, ದುಡ್ಡು ಮಾತ್ರ ಗಲ್ಲಾಕ್ಕೆ ಬಂದಿರುತ್ತಿರಲಿಲ್ಲ. ಜಿನೀವಾದವರಿಗೆ ಪುಸ್ತಕ ಮಾತ್ರ ಕಾಣುತ್ತದೆ. ಗಲ್ಲಾಪೆಟ್ಟಿಗೆ ನೋಡಬಲ್ಲವರು ನಾವೇ ಅಲ್ವಾ?

ಹಾಗಾಗಿ ಎರಡು ಕೆಲಸ ಮಾಡಿದೆವು. ಮಾರ್ಚಿನಲ್ಲಿ ಆ ಹೆಣ್ಣುಮಗಳ ದೂರು ಬರೆದು, ಸ್ಥಳೀಯ ಸಮಿತಿಗೆ ಅಂತ ವಿಳಾಸ ಹಾಕಿ, ಜಿಲ್ಲಾ ಕೇಂದ್ರಕ್ಕೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆವು. ಮೂರು ತಿಂಗಳ ಗಡುವು ದಾಟಬಾರದಲ್ಲ. ಜೊತೆಗೆ ನಾನು ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅನ್ನುವ ನಿಯಮ ಇದೆ. ಮೂರೇ ಪ್ರಶ್ನೆ ಕೇಳಿದೆ. ಸ್ಥಳೀಯ ಸಮಿತಿ ರಚಿಸಿದ ಆದೇಶದ ಪ್ರತಿ ಕೊಡಿ. ನಮ್ಮ ತಾಲ್ಲೂಕಿನ ನೋಡಲ್ ಅಧಿಕಾರಿ ಯಾರು? ಹಿಂದಿನ ವರ್ಷದ ವಾರ್ಷಿಕ ವರದಿಯ ಪ್ರತಿ ಕೊಡಿ.

30 ದಿನದಲ್ಲಿ ಬರಬೇಕಾದ ಉತ್ತರ 50 ದಿನಕ್ಕೆ ಬಂತು. ಸಮಿತಿಯ ಆದೇಶ ಇತ್ತು. ತಾಲ್ಲೂಕಿನ ನೋಡಲ್ ಅಧಿಕಾರಿ ಎಂಬಲ್ಲಿ, ಮಾಹಿತಿ ಲಭ್ಯವಿಲ್ಲ. ವಾರ್ಷಿಕ ವರದಿಗೂ ಅದೇ. ಮೇಲ್ಮನವಿ ಹಾಕಿದೆ. ಅದರಲ್ಲಿ ಎರಡು ಮಾತು ಸೇರಿಸಿದೆ. ಒಂದು, 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಎಲ್ಲ ಜಿಲ್ಲೆಗಳಲ್ಲೂ ಜಿಲ್ಲಾ ಅಧಿಕಾರಿಯನ್ನು, ಸ್ಥಳೀಯ ಸಮಿತಿಯನ್ನು, ತಾಲ್ಲೂಕಿಗೆ ನೋಡಲ್ ಅಧಿಕಾರಿಯನ್ನು ನೇಮಿಸಲು ಕೊಟ್ಟ ಆದೇಶ. ಗೋವಾದ ಔರೆಲಿಯಾನೊ ಫರ್ನಾಂಡಿಸ್ ಕೇಸಿನದು ಅದು. ಇನ್ನೊಂದು, 2014ರ ಜಿನೀವಾ ಕಾಗದದ ಆ ಪುಟ, ಅಡಿಗೆರೆ ಎಳೆದು.

ಮೇಲ್ಮನವಿಯ ದಿನ ಎದುರಿಗೆ ಕೂತ ಅಧಿಕಾರಿ ಆ ಪುಟವನ್ನು ಎರಡು ಸಲ ತಿರುಗಿಸಿ ನೋಡಿದರು. "ಇದು ಎಲ್ಲಿ ಸಿಕ್ಕಿತಮ್ಮ?" ಅಂದರು. ವೆಬ್‌ಸೈಟ್ ವಿಳಾಸ ಬರೆದು ಕೊಟ್ಟೆ. ಅವರು ಅದನ್ನು ಜೇಬಿನಲ್ಲಿ ಇಟ್ಟುಕೊಂಡರು. ಜುಲೈನಲ್ಲಿ ನೋಡಲ್ ಅಧಿಕಾರಿಯ ನೇಮಕದ ಆದೇಶ ನಮ್ಮ ಕೈಗೆ ಬಂತು. ಆ ಪುಟದಿಂದಲೇ ಆಯಿತು ಅಂತ ಹೇಳಲಾರೆ. ಕೋರ್ಟಿನ ಆದೇಶಕ್ಕೆ ತೂಕ ಜಾಸ್ತಿ. ಆದರೆ ಕಚೇರಿಯ ಕುರ್ಚಿಯಲ್ಲಿ ನಾನು ಬೆನ್ನು ನೆಟ್ಟಗೆ ಮಾಡಿ ಕೂತದ್ದು ಆ ಪುಟದಿಂದಲೇ. ದಯವಿಟ್ಟು ಮಾಡಿಕೊಡಿ ಅಂತ ಕೇಳಲಿಲ್ಲ. ಕೊಟ್ಟ ಮಾತು ಏನಾಯಿತು ಅಂತ ಕೇಳಿದೆ.

ದೂರು ಸಮಿತಿಯ ಮುಂದೆ ಬಂತು. ವಿಚಾರಣೆಯ ವಿವರ ಹೊರಗೆ ಹೇಳಬಾರದು ಅಂತ ಕಾಯ್ದೆಯಲ್ಲೇ ಇದೆ, ಹಾಗಾಗಿ ಬರೆಯುವುದಿಲ್ಲ. ಅವಳು ಈ ಸೀಸನ್ನಿನಲ್ಲಿ ಬೇರೆ ಗೋಡೌನಿಗೆ ಹೋಗುತ್ತಿದ್ದಾಳೆ. ಗುರುವಾರ ತಪ್ಪದೆ ಬರುತ್ತಾಳೆ.

ಇನ್ನು ಮಿತಿಗಳು. ಈ ಸಮಿತಿ ದಂಡ ಹಾಕುವುದಿಲ್ಲ, ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಕೇಳುತ್ತದೆ, ಬರೆಯುತ್ತದೆ, ಅಷ್ಟೇ. ಸೀಡಾಕ್ಕೆ 1999ರಲ್ಲಿ ಒಂದು ಐಚ್ಛಿಕ ಒಪ್ಪಂದ ಸೇರಿಸಿದ್ದಾರೆ. ಅದನ್ನು ಒಪ್ಪಿದ ದೇಶದ ಹೆಣ್ಣುಮಗಳು ತನ್ನ ದೇಶದ ಕೋರ್ಟುಗಳಲ್ಲಿ ನ್ಯಾಯ ಸಿಗದಿದ್ದರೆ ನೇರವಾಗಿ ಸಮಿತಿಗೆ ದೂರು ಕೊಡಬಹುದು. ಭಾರತ ಅದನ್ನು ಒಪ್ಪಿಲ್ಲ. ಒಪ್ಪಿಕೊಳ್ಳಿ ಅಂತಲೂ 2014ರ ಕಾಗದದಲ್ಲಿ ಇದೆ. ಹಾಗಾಗಿ ನೀವು ನಿಮ್ಮ ಸ್ವಂತ ಕೇಸು ಹಿಡಿದು ಅಲ್ಲಿಗೆ ಹೋಗಲಾಗದು. ಅದನ್ನು ನಿರೀಕ್ಷಿಸಿ ವೆಬ್‌ಸೈಟ್ ತೆರೆಯಬೇಡಿ, ನಿರಾಸೆ ಆಗುತ್ತದೆ.

ಹುಡುಕುವುದು ಕಷ್ಟ ಅನಿಸಿದರೆ ಅವರದೇ ಇನ್ನೊಂದು ತಾಣ ಇದೆ, ಯೂನಿವರ್ಸಲ್ ಹ್ಯೂಮನ್ ರೈಟ್ಸ್ ಇಂಡೆಕ್ಸ್. ಅಲ್ಲಿ ದೇಶ ಮತ್ತು ವಿಷಯ ಆರಿಸಿದರೆ ಬೇಕಾದ ಪ್ಯಾರಾ ಮಾತ್ರ ಬರುತ್ತದೆ. ಇಡೀ ಕಾಗದ ತೆರೆಯಬೇಕಿಲ್ಲ. ನನಗೆ ಇದು ತಡವಾಗಿ ಗೊತ್ತಾಯಿತು. ಹೊಸಬರು ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಐದರಲ್ಲಿ ನಾನು ಕೊಡುವುದು ಮೂರೂವರೆ ಸ್ಟಾರ್. ಕಾಗದ ಎಲ್ಲ ಮುಚ್ಚುಮರೆ ಇಲ್ಲದೆ ಇಟ್ಟಿದ್ದಾರೆ, ಹಳೆಯದನ್ನು ತೆಗೆದುಹಾಕಿಲ್ಲ, ಅದಕ್ಕೆ ಪೂರ್ತಿ ಅಂಕ. ಭಾಷೆಗೆ ಒಂದು ಕಳೆದೆ. ಮೊಬೈಲಿನಲ್ಲಿ ಓದಲಾಗದ್ದಕ್ಕೆ ಅರ್ಧ ಕಳೆದೆ. ವಕೀಲರಿಗೆ, ವಿದ್ಯಾರ್ಥಿಗಳಿಗೆ ಇದು ಗೊತ್ತಿರುತ್ತದೆ. ಸಂಘಗಳ ಲೆಕ್ಕ ಬರೆಯುವವರು, ಅಂಗನವಾಡಿ ಕಾರ್ಯಕರ್ತೆಯರು, ಗ್ರಾಮ ಪಂಚಾಯತಿಯ ಮಹಿಳಾ ಸದಸ್ಯರು ಇದನ್ನು ಒಮ್ಮೆ ನೋಡಬೇಕು ಅನ್ನುವುದು ನನ್ನ ಆಸೆ. ಒಪ್ಪಂದದ ಇಡೀ 14ನೇ ವಿಧಿ ಹಳ್ಳಿಯ ಹೆಣ್ಣುಮಕ್ಕಳದ್ದೇ. ಅದನ್ನು ಓದಿದ ದಿನ ನಮ್ಮ ಸಂಘದ ಹಿರಿಯವ್ವ ಹೇಳಿದ್ದು ಹೀಗೆ: "ನಮ್ಮ ಹೆಸರಿಲೇ ಅಲ್ಲಿ ಹೋಗಿ ಮಾತು ಕೊಟ್ಟು ಬಂದಾರ, ನಮಗ ಒಬ್ರೂ ಹೇಳಿಲ್ಲಲ್ಲ."

ಮುಂದಿನ ವಿಚಾರಣೆಗೆ ಸಂಘಟನೆಗಳು ತಮ್ಮ ವರದಿ ಕಳಿಸಬಹುದು. ಅದಕ್ಕೆ ವಿಶ್ವಸಂಸ್ಥೆಯ ಮಾನ್ಯತೆ ಇರಲೇಬೇಕು ಅಂತಿಲ್ಲ. ನಮ್ಮದೂ ಎರಡು ಪುಟ ಇರಲಿ ಅಂತ ತೀರ್ಮಾನ ಮಾಡಿದ್ದೇವೆ. ಕಿಲೋಗೆ ಎಷ್ಟು ಕೂಲಿ, ಗೋಡೌನಿನಲ್ಲಿ ಶೌಚಾಲಯ ಇದೆಯೋ ಇಲ್ಲವೋ, ತೂಕ ಯಾರು ಬರೆಯುತ್ತಾರೆ. ಮಗಳು ಇಂಗ್ಲಿಷಿಗೆ ಇಳಿಸುತ್ತೇನೆ ಅಂದಿದ್ದಾಳೆ. ತೂಕದ ಚೀಟಿ ಯಾರೂ ಬಿಸಾಡಬೇಡಿ ಅಂತ ಎಲ್ಲರಿಗೂ ಹೇಳಿದ್ದೇನೆ. ಈಗ ಗುರುವಾರ ಉಳಿತಾಯದ ದುಡ್ಡಿನ ಜೊತೆ ಚೀಟಿಗಳೂ ಬರುತ್ತವೆ. ಬಿಸ್ಕೀಟಿನ ಡಬ್ಬಿ ತುಂಬಿತು, ಎರಡನೇ ಡಬ್ಬಿ ತೊಳೆದು ಒಣಗಲು ಇಟ್ಟಿದ್ದೇನೆ.